ಕಲ್ಲಿನ ಮನೆಗೆ ಬೀಗ

ನಮ್ಮ ಸದಸ್ಯ ಬಾಂಧವರಲ್ಲಿ ಈಚಿನ ವರ್ಷಗಳಲ್ಲಿ ಪ್ರವಾಸದ ಅಭಿರುಚಿ ಬೆಳೆದಿರುವುದು ಸಂತೋಷದ ವಿಷಯ. ಅಡಿಕೆಯ ಕೊಯ್ಲು ಮುಗಿದು, ಕಾಫಿ ಕಣದಿಂದ ಕ್ಯೂರಿಂಗ್ ವರ್ಕ್ಸಿಗೆ ಹೋಯಿತೆಂದರೆ ನಾಲ್ಕು ಮನೆಯವರು ಸೇರಿ ಕಾಶಿಗೋ, ಹಿಮಾಲಯದ ಕಡೆಗೋ ಹೊರಡುತ್ತಾರೆ. ಹೋಗಿಬಂದವರು ಗೊಬ್ಬರದ ಬೇಡಿಕೆ ಬರೆಸಲು ಸಂಘದ ಕಛೇರಿಗೆ ಬಂದಾಗ ಅರ್ಧ ಗಂಟೆ ಕುಳಿತು ಕಂಡದ್ದನ್ನು ಹೇಳುವುದೂ ಒಂದು ಪದ್ಧತಿಯಾಗಿದೆ. ಕೇಳುವುದು ಕಾರ್ಯದರ್ಶಿಯ ಕೆಲಸಗಳಲ್ಲಿ ಒಂದೆಂದೇ ನಾನು ತಿಳಿದಿದ್ದೇನೆ. ದೇವಸ್ಥಾನ, ಅರಮನೆಗಳ ವರ್ಣನೆ ಬೇಗ ಮುಗಿಯುತ್ತದೆ. ಹೆಚ್ಚು ಉತ್ಸಾಹದಿಂದ ಹೇಳುವುದು ದಾರಿ ತಪ್ಪಿಯೋ, ಯಾರದೋ ಮಾತು ಕೇಳಿಯೋ ಹೊಕ್ಕ ಯಾವುದಾದರೊಂದು ಹಳೆಯ ಹಳ್ಳಿಯ ವಿಷಯ. “ಎಂಥ ಚೆಂದದ ಊರು ಮಾರಾಯ್ರೆ! ಕಲ್ಲಿನ ಮನೆಗಳು. ಏನು ಶಾಂತ! ಒಂದು ನರಪಿಳ್ಳೆ ಇಲ್ಲ!”

ಊರು ಚೆಂದ ಎಂಬ ಮೊದಲ ಮಾತಿಗೆ ನನ್ನ ಆಕ್ಷೇಪವಿಲ್ಲ. ನರಪಿಳ್ಳೆ ಇಲ್ಲದ್ದನ್ನು ಊರಿನ ಗುಣವೆಂದು ಎಣಿಸುವ ಕೊನೆಯ ಮಾತಿನ ಬಗ್ಗೆಯೇ ನನ್ನ ತಕರಾರು. ಹೊಲ, ಮನೆ, ಕೊಟ್ಟಿಗೆ ಇರುವ ಕಡೆ ಜನ ಇಲ್ಲವೆಂದರೆ ಅಲ್ಲೇನೋ ಆಗಿದೆಯೆಂದು ಬೇರೆ ಯಾರಿಗೆ ಹೊಳೆಯದಿದ್ದರೂ ಕೃಷಿಕರಾದ ನಮಗೆ ಹೊಳೆಯಬೇಕು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 2023ರ ಅಕ್ಟೋಬರ್ ಆರಂಭದಲ್ಲಿ, ಮದ್ದು ಹೊಡೆಯುವ ಗಲಾಟೆ ಮುಗಿದು ಕೊಯ್ಲಿಗೆ ಇನ್ನೂ ಸ್ವಲ್ಪ ಬಿಡುವಿದ್ದಾಗ, ನಾನೂ ನನ್ನ ಮನೆಯವರೂ ದೆಹಲಿಯಲ್ಲಿರುವ ಸೋದರಳಿಯನ ಮನೆಗೆ ಹೋಗಿದ್ದೆವು. ಅವನ ಕಛೇರಿಯ ಸ್ನೇಹಿತನೊಬ್ಬ ಉತ್ತರಾಖಂಡದ ಅಲ್ಮೋರಾ ಜಿಲ್ಲೆಯವನು. ಊರಿನಲ್ಲಿ ತಂದೆ ತಾಯಿ ಇಬ್ಬರೇ ಇದ್ದಾರೆ, ಹೋಗಿ ನಾಲ್ಕು ದಿನ ಇದ್ದು ಬನ್ನಿ ಎಂದು ಬಹಳ ಒತ್ತಾಯ ಮಾಡಿದ. ಕಾಠಗೋದಾಮಿನವರೆಗೆ ರೈಲು. ಮುಂದೆ ಭೋವಾಲಿಯ ಮೇಲೆ ಹಾದು ಅಲ್ಮೋರಾಕ್ಕೆ ಜೀಪು. ಅಲ್ಲಿಂದ ಇನ್ನೊಂದು ಜೀಪು. ಕೊನೆಗೆ ಒಂದು ಮೈಲಿಯಷ್ಟು ಕಾಲುದಾರಿ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮುಂದಿನ ಮಾರ್ಚಿಗೆ ನಮ್ಮವರೇ ಎರಡು ವ್ಯಾನು ಮಾಡಿಕೊಂಡು ಹೋಗುವ ಸಂಭವವಿದೆ, ಆ ವೃದ್ಧ ದಂಪತಿಗಳಿಗೆ ಅಷ್ಟು ಜನಕ್ಕೆ ರೊಟ್ಟಿ ತಟ್ಟುವ ಶಕ್ತಿಯಿಲ್ಲ.

ಆ ಮನೆಯ ಕಟ್ಟಾಣಿಕೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮುಂದೆ ನಾನು ಹೇಳಬೇಕಾದದ್ದು ಅದರ ಮೇಲೆಯೇ ನಿಂತಿದೆ. ಎರಡು ಅಂತಸ್ತಿನ ಮನೆ. ಕೆಳಗಿನದು ದನಗಳಿಗೆ, ಅದಕ್ಕೆ ಅಲ್ಲಿ ‘ಗೋಠ್’ ಎನ್ನುತ್ತಾರೆ. ಮೇಲಿನದರಲ್ಲಿ ಮನುಷ್ಯರ ವಾಸ. ಚಳಿಗಾಲದಲ್ಲಿ ಕೆಳಗಿನ ದನಗಳ ಮೈಶಾಖ ಮೇಲಿನವರಿಗೂ ಸಿಗುತ್ತದೆ. ಗೋಡೆ ಒಂದೂವರೆ ಅಡಿಗೂ ಮೀರಿದ ದಪ್ಪ: ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು, ಅಲ್ಲಲ್ಲಿ ಎರಡೂ ಮೈಯನ್ನು ಹಿಡಿದುಕೊಳ್ಳುವಂತೆ ಅಡ್ಡಲಾಗಿ ಇಟ್ಟ ಉದ್ದನೆಯ ಕಲ್ಲು. ಸಿಮೆಂಟು ಇಲ್ಲ, ಸುಣ್ಣದ ಗಾರೆಯೂ ಇಲ್ಲ. ಕಲ್ಲಿಗೆ ಕಲ್ಲು ಕೂರಿಸುವ ಸಂದಿಗೆ ಬರೀ ಮಣ್ಣು. ಒಳಗೆ ಮಣ್ಣು ಸೆಗಣಿಯ ಸಾರಣೆ. ಮಾಡಿಗೆ ಮರದ ತೊಲೆ, ಅದರ ಮೇಲೆ ಹಲಗೆ ಅಥವಾ ಸೀಳಿದ ಕೋಲು, ಅದರ ಮೇಲೆ ಮಣ್ಣಿನ ಹಾಸು, ಎಲ್ಲಕ್ಕೂ ಮೇಲೆ ‘ಪಟಾಲ್’ ಎಂಬ ಬೂದು ಬಣ್ಣದ ತೆಳು ಚಪ್ಪಡಿಕಲ್ಲು. ನಮ್ಮಲ್ಲಿ ಹಂಚು ಮಾಡುವ ಕೆಲಸವನ್ನು ಅಲ್ಲಿ ಈ ಕಲ್ಲು ಮಾಡುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಮಾತ್ರ ಬಡಗಿಗಳು ಕೈಚಳಕ ತೋರಿಸಿದ್ದಾರೆ. ನಮ್ಮ ಹಳೆಯ ಚೌಕಿಮನೆಗಳ ಕಂಬ ಬೋದಿಗೆಗಳನ್ನು ನೋಡಿದವರಿಗೆ ಆ ಕೆತ್ತನೆಯ ಮುಂದೆ ನಿಂತಾಗ ಪರಸ್ಥಳವೆನಿಸುವುದಿಲ್ಲ.

ಅಂಗಳಕ್ಕೂ ಕಲ್ಲನ್ನೇ ಹಾಸಿದ್ದಾರೆ. ಅದರ ಒಂದು ಮೂಲೆಯಲ್ಲಿ ಚಪ್ಪಡಿಯಲ್ಲೇ ಗುಂಡಿ ಕೊರೆದು ಮಾಡಿದ ಒರಳು. ಅವರ ಭಾಷೆಯಲ್ಲಿ ಓಖಲ್. ಹೊಸಿಲಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳಿನಿಂದ ಗೆರೆ ಎಳೆದು ಬರೆಯುವುದಕ್ಕೆ ಐಪಣ್ ಎನ್ನುತ್ತಾರೆ. ನಮ್ಮ ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರದಲ್ಲೂ ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟೇ. ಮಾಡಿನ ಕಲ್ಲಿನ ಮೇಲೆ ಸಿಹಿಗುಂಬಳ, ಮೆಣಸಿನಕಾಯಿ ಒಣಗಲು ಹಾಕಿದ್ದರು. ಅಂಗಳದಲ್ಲಿ ಒಣಗುತ್ತಿದ್ದುದನ್ನು ಕೈಗೆತ್ತಿಕೊಂಡು ನೋಡಿದರೆ ನಮ್ಮ ರಾಗಿ! ಅಲ್ಲಿ ಅದು ಮಂಡುವಾ. ಮುದ್ದೆ ಗೊತ್ತಿಲ್ಲ, ರೊಟ್ಟಿ ತಟ್ಟಿ ತುಪ್ಪ ಬೆಲ್ಲದೊಡನೆ ತಿನ್ನುತ್ತಾರೆ. ಹುರುಳಿಯೂ ಇದೆ, ಅದರ ಹೆಸರು ಗಹತ್. ನನ್ನ ಮನೆಯವರು ಎರಡನೆಯ ದಿನ ಹುರುಳಿ ಸಾರು ಮಾಡಿ ಬಡಿಸಿದರು. ಅಲ್ಲಿಯ ಅಜ್ಜಿ ಎರಡು ಸಲ ಹಾಕಿಸಿಕೊಂಡು, ಹುಳಿ ಸ್ವಲ್ಪ ಹೆಚ್ಚಾಯಿತು ಎಂದು ತೀರ್ಪು ಕೊಟ್ಟರು. ಅಜ್ಜಿಗೆ ಆ ಕಡೆ ‘ಆಮಾ’ ಎನ್ನುವುದು ವಾಡಿಕೆ. ನಾವೂ ಹಾಗೆಯೇ ಕರೆದೆವು.

ಮೊದಲ ದಿನ ನನಗೂ ಆ ನಿಶ್ಶಬ್ದ ಬಹಳ ಹಿತವಾಯಿತು. ಮೋಟಾರಿನ ಸದ್ದಿಲ್ಲ, ಪಂಪ್‌ಸೆಟ್ಟಿನ ಸದ್ದಿಲ್ಲ. ಎದುರಿನ ಬೆಟ್ಟದ ಮೇಲಿನ ಚೀಡ್ ಮರಗಳಲ್ಲಿ ಗಾಳಿ ಹಾಯುವುದು ಕೇಳುತ್ತದೆ. ಆಕಾಶ ತಿಳಿಯಾಗಿದ್ದರೆ ಬಡಗಣಕ್ಕೆ ಹಿಮದ ಶಿಖರಗಳ ಸಾಲು. ಎರಡನೆಯ ದಿನ ಬೆಳಿಗ್ಗೆ ಎದ್ದು ಕಾಫಿ ಇಲ್ಲದ ಸಂಕಟದಲ್ಲಿ (ಅಲ್ಲಿ ಚಹಾ ಮಾತ್ರ) ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದೆ. ಊರೆಲ್ಲ ಕೆಳಗೆ ಕಾಣುತ್ತಿತ್ತು. ಬೆಳಗಿನ ಹೊತ್ತು ಮಾಡಿನಿಂದ ಹೊಗೆ ಏಳಬೇಕಲ್ಲ, ಸುಮ್ಮನೆ ಎಣಿಸಿದೆ. ಇಪ್ಪತ್ತೆಂಟು ಮಾಡುಗಳಲ್ಲಿ ಒಂಬತ್ತರಿಂದ ಹೊಗೆ ಎದ್ದಿತ್ತು. ಗ್ಯಾಸಿನ ಒಲೆಯವರೂ ಇರಬಹುದೆಂದು ಆಮಾ ಅವರನ್ನು ಕೇಳಿದೆ. ಗ್ಯಾಸಿನವರನ್ನೂ ಸೇರಿಸಿದರೆ ಹನ್ನೊಂದಾಯಿತು. ಉಳಿದ ಹದಿನೇಳಕ್ಕೆ ಬೀಗ. ಮಕ್ಕಳಿಲ್ಲವೆಂದು ಪ್ರಾಥಮಿಕ ಶಾಲೆಯನ್ನೂ ಮುಚ್ಚಿದ್ದಾರೆ. ಊರು ಶಾಂತವಾಗಿರುವುದು ಈ ಕಾರಣದಿಂದ.

ಈ ಊರೊಂದರ ಕಥೆಯಲ್ಲ ಇದು. 2001ರಿಂದ 2011ರ ನಡುವೆ ದೇಶದ ಜನಸಂಖ್ಯೆ ಏರುತ್ತಿದ್ದಾಗ ಅಲ್ಮೋರಾ ಮತ್ತು ಪೌಡಿ ಗಢವಾಲ್ ಜಿಲ್ಲೆಗಳ ಜನಸಂಖ್ಯೆ ಇಳಿಯಿತು. 2011ರ ಜನಗಣತಿಯಂತೆ ಅಲ್ಮೋರಾದಲ್ಲಿ 1,000 ಗಂಡಸರಿಗೆ 1,139 ಹೆಂಗಸರು. ಗಂಡಸರು ಎಲ್ಲಿಗೆ ಹೋದರೆಂದು ಬೇರೆ ಹೇಳಬೇಕಿಲ್ಲ. ಮೊದಲು ಸೈನ್ಯಕ್ಕೆ ಹೋಗುತ್ತಿದ್ದರು, ಕುಮಾಊಂ ರೆಜಿಮೆಂಟಿನ ಹೆಸರು ನಮಗೆಲ್ಲ ಗೊತ್ತಿರುವುದೇ. ಆಗ ಸಂಸಾರ ಊರಲ್ಲೇ ಇರುತ್ತಿತ್ತು, ತಿಂಗಳಿಗೊಂದು ಮನಿಯಾರ್ಡರು ಬರುತ್ತಿತ್ತು, ಪಿಂಚಣಿಯಾದ ಮೇಲೆ ಗಂಡಸು ಹಿಂದಿರುಗಿ ಮಾಡಿನ ಕಲ್ಲು ಸರಿಮಾಡಿಸುತ್ತಿದ್ದ. ಈಗ ಸಂಸಾರವೇ ಹೋಗುತ್ತದೆ. ಆ ರಾಜ್ಯದ ಸರಕಾರ ಈ ವಲಸೆಯನ್ನು ವಿಚಾರಿಸಲೆಂದೇ 2017ರಲ್ಲಿ ಒಂದು ಆಯೋಗವನ್ನು ರಚಿಸಿತು. 2011ರ ನಂತರ ಪೂರ್ತಿ ನಿರ್ಜನವಾದ ಹಳ್ಳಿಗಳು 734 ಎಂದು ಆಯೋಗ 2018ರ ವರದಿಯಲ್ಲಿ ಹೇಳಿತು. ಊರು ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ದುಡಿಮೆಯ ಕೊರತೆಯೇ ಕಾರಣ. ಅನಂತರ ಮಕ್ಕಳ ಓದು, ಅನಂತರ ಆಸ್ಪತ್ರೆ. ಮಂಗ ಮತ್ತು ಕಾಡುಹಂದಿಯ ಕಾಟದಿಂದ ಬೇಸಾಯ ಬಿಟ್ಟವರೂ ಇದ್ದಾರೆ. ಈ ಪಟ್ಟಿಯಲ್ಲಿ ನಮಗೆ ಗೊತ್ತಿಲ್ಲದ್ದು ಒಂದಾದರೂ ಇದೆಯೆ?

ಇನ್ನು ಮನೆಯ ವಿಷಯ. ಕಲ್ಲಿನ ಮನೆ ಶಾಶ್ವತ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೀಗ ಹಾಕಿದ ಮನೆಗಳನ್ನು ಆಮಾ ಅವರ ಯಜಮಾನರು ಒಂದೊಂದಾಗಿ ತೋರಿಸಿದರು. ಇದು ಮೂರು ವರ್ಷದ್ದು, ಇದು ಆರು ವರ್ಷದ್ದು, ಇದು ಹತ್ತು ವರ್ಷದ್ದು ಎಂದು ಅವರು ಬೀಗದ ವಯಸ್ಸನ್ನು ಹೇಳುತ್ತಿದ್ದರು, ಮನೆಯ ವಯಸ್ಸನ್ನಲ್ಲ. ಮೂರು ವರ್ಷದ್ದರಲ್ಲಿ ಮಾಡಿನ ಎರಡು ಕಲ್ಲು ಜಾರಿದ್ದವು, ಅಷ್ಟೆ. ಮಂಗ ಹಾರಿದರೂ ಸಾಕು, ಕಲ್ಲು ಜಾರುತ್ತದೆ. ಮನೆಯಲ್ಲಿ ಜನ ಇದ್ದರೆ ಆ ಸಂಜೆಯೇ ಒಬ್ಬ ಹತ್ತಿ ಸರಿಮಾಡುತ್ತಾನೆ. ಆರು ವರ್ಷದ್ದರಲ್ಲಿ ಆ ಸಂದಿಯಿಂದ ಇಳಿದ ನೀರು ಮಾಡಿನ ಮಣ್ಣನ್ನು ಕರಗಿಸಿ, ತೊಲೆಯ ತುದಿಯನ್ನು ಕೊಳೆಸಿ, ಗೋಡೆಯ ಹೊಟ್ಟೆಯೊಳಕ್ಕೆ ಹೋಗಿತ್ತು. ಒಳಗಿನ ಮಣ್ಣು ತೊಳೆದುಹೋದ ಗೋಡೆ ಬಸುರಿಯಂತೆ ಉಬ್ಬಿ ನಿಂತಿತ್ತು. ಹತ್ತು ವರ್ಷದ್ದು ಕಲ್ಲಿನ ರಾಶಿ. ಅದರೊಳಗಿಂದ ಒಂದು ಗಿಡ ಎದ್ದಿತ್ತು.

ಒಲೆಯ ಕೆಲಸವೂ ಇದರಲ್ಲಿ ಸಣ್ಣದಲ್ಲ. ದಿನಾ ಏಳುವ ಹೊಗೆ ತೊಲೆಗಳನ್ನು ಒಣಗಿಸಿ, ಕಪ್ಪು ಮಾಡಿ, ಹುಳ ಹಿಡಿಯದಂತೆ ಕಾಯುತ್ತದೆ. ನಮ್ಮ ಅಡಿಗೆಮನೆಯ ಅಟ್ಟದ ಮರಗಳಿಗೂ ನೂರು ವರ್ಷ ಬಾಳಿಕೆ ಬಂದಿರುವುದು ಹೀಗೆಯೇ. ಒಲೆ ಆರಿದ ಮೇಲೆ ಗೆದ್ದಲಿಗೆ ಯಾರ ಹೆದರಿಕೆ? ಹೀಗಾಗಿ ಕಲ್ಲಿನ ಮನೆಯನ್ನು ನಿಲ್ಲಿಸಿರುವುದು ಕಲ್ಲೊಂದೇ ಅಲ್ಲ. ಮಾಡು ಹತ್ತುವ ಒಬ್ಬ ಆಳು, ಸಾರಿಸುವ ಒಂದು ಕೈ, ಉರಿಯುವ ಒಂದು ಒಲೆ, ಇಷ್ಟೂ ಬೇಕು.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕುಳಿತದ್ದು ಬೇರೊಂದು. ಅಲ್ಲಿ ‘ಬಾಖಲಿ’ ಎಂಬ ಪದ್ಧತಿಯಿದೆ. ದಾಯಾದಿಗಳ ಆರೆಂಟು ಮನೆಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಸಾಲಾಗಿ ಕಟ್ಟುತ್ತಾರೆ. ನಡುಗೋಡೆ ಇಬ್ಬರಿಗೂ ಒಂದೇ, ಮಾಡು ಉದ್ದಕ್ಕೂ ಒಂದೇ, ಮುಂದಿನ ಅಂಗಳವೂ ಒಂದೇ. ಬೆಟ್ಟದ ಇಳಿಜಾರಿನಲ್ಲಿ ಜಾಗವೂ ಉಳಿಯಿತು, ಕಲ್ಲೂ ಉಳಿಯಿತು, ಚಳಿಗೆ ಬೆಚ್ಚಗೂ ಆಯಿತು. ನಾವಿದ್ದ ಮನೆ ಅಂಥ ಸಾಲಿನ ಕೊನೆಯಿಂದ ಎರಡನೆಯದು. ಕೊನೆಯದರ ಯಜಮಾನ ದೆಹಲಿಯಲ್ಲಿ ಸುಖವಾಗಿದ್ದಾನೆ. ಅವನ ಮಾಡು ಸೋರಿ, ನೀರು ನಡುಗೋಡೆಗೆ ಇಳಿದು, ಆಮಾ ಅವರ ಅಡಿಗೆಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಂದಿದೆ. ಪಕ್ಕದ ಮಾಡಿನ ಮೇಲೆ ತಗಡು ಹೊದಿಸಲು ಇವರೇ ಎರಡು ಸಲ ಖರ್ಚು ಮಾಡಿದ್ದಾರೆ. ಆತ ಕೆಟ್ಟವನೂ ಅಲ್ಲ. ಬೇಸಿಗೆ ರಜೆಯಲ್ಲಿ ಕುಲದೇವರ ಪೂಜೆಗೆ ಬಂದಾಗ ಸಿಹಿ ತರುತ್ತಾನೆ, ಕಾಲಿಗೆ ಬೀಳುತ್ತಾನೆ, ಮುಂದಿನ ವರ್ಷ ಖಂಡಿತ ರಿಪೇರಿ ಮಾಡಿಸುತ್ತೇನೆ ಎನ್ನುತ್ತಾನೆ.

ಈಗ ನಮ್ಮ ಊರುಗಳಿಗೆ ಬರೋಣ. ನಮ್ಮ ಮನೆಗಳು ಒಂದಕ್ಕೊಂದು ಅಂಟಿಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕೂಗಳತೆ ದೂರ. ಆದರೆ ತೋಟಗಳು ಅಂಟಿವೆ. ನೆರೆಯ ತೋಟದವರು ಮಕ್ಕಳ ಬಳಿಗೆ ಬೆಂಗಳೂರಿಗೆ ಹೋದರೆನ್ನಿ. ಗಿಡದ ಮೇಲೂ ನೆಲದ ಮೇಲೂ ಉಳಿದ ಕಾಫಿ ಹಣ್ಣಿನಲ್ಲಿ ಕಾಯಿಕೊರಕ ಸಂಸಾರ ಹೂಡಿ ಮುಂದಿನ ವರ್ಷ ಬೇಲಿ ದಾಟಿ ಬರುತ್ತದೆ. ಕಾಂಡಕೊರಕ ಹೊಕ್ಕ ಗಿಡವನ್ನು ಗುರುತಿಸಿ ಕಿತ್ತು ಸುಡುವವರಿಲ್ಲ. ಎಲೆಚುಕ್ಕಿ ರೋಗದ ವಿಷಯದಲ್ಲಂತೂ, ಒಬ್ಬ ಹೊಡೆದು ಒಬ್ಬ ಬಿಟ್ಟರೆ ಹೊಡೆದವನ ಮದ್ದೂ ದಂಡ ಎಂಬುದನ್ನು ಎಲ್ಲರೂ ಸ್ವಂತ ಖರ್ಚಿನಲ್ಲಿ ಕಲಿತಿದ್ದೇವೆ. ಪಾಳುಬಿದ್ದ ತೋಟ ಮಂಗನಿಗೆ ಮನೆ, ಹಂದಿಗೆ ಹಾದಿ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಶೃಂಗೇರಿ, ಕೊಪ್ಪ ಕಡೆಯ ಊರುಗಳನ್ನು ನೋಡಿದವರಿಗೆ, ದುಡಿಮೆ ಹೋದ ಮೇಲೆ ಮನೆಗೆ ಬೀಗ ಬೀಳಲು ಎಷ್ಟು ಹೊತ್ತು ಬೇಕೆಂದು ನಾನು ತಿಳಿಸಬೇಕಿಲ್ಲ.

ಹೋದವರನ್ನು ದೂರುವ ಉದ್ದೇಶ ನನ್ನದಲ್ಲ. ನನ್ನ ಮಗಳೂ ಪುಣೆಯಲ್ಲಿದ್ದಾಳೆ. ಅವಳು ಓದಿದ ಓದಿಗೆ ನಮ್ಮ ಊರಿನಲ್ಲಿ ಕೆಲಸವಿಲ್ಲ. ಸಂಘದ ವ್ಯಾಪ್ತಿಯಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಎಷ್ಟೆಂದು ಷೇರುದಾರರ ಪುಸ್ತಕ ಬಿಡಿಸಿ ಲೆಕ್ಕ ಹಾಕಲು ಹೊರಟು, ಅರ್ಧಕ್ಕೆ ಬರುವಷ್ಟರಲ್ಲಿ ಮನಸ್ಸು ಕೆಟ್ಟು ಪುಸ್ತಕ ಮುಚ್ಚಿದೆ. ಈ ಮನೆಗಳ ಮುಂದೆ ಸದ್ಯಕ್ಕಿರುವ ದಾರಿಗಳು ಮೂರು. ಮಾರುವುದು, ಚೇಣಿಗೆ ಕೊಡುವುದು, ಹೋಂಸ್ಟೇ ಮಾಡುವುದು.

ಮಾರಿದವರ ಮಾತು ಬಿಡಿ. ಚೇಣಿದಾರನಿಗೆ ಈ ವರ್ಷದ ಫಸಲಿನ ಮೇಲೆ ಕಣ್ಣು. ಬರುವ ವರ್ಷದ ಕಪ್ಪು ಗೊಬ್ಬರ, ಮರಗಸಿಗಳ ಚಿಂತೆ ಅವನಿಗೇಕೆ? ಮನೆಯ ಮಾಡು ಅವನ ಕರಾರಿನಲ್ಲೇ ಇಲ್ಲ.

ಹೋಂಸ್ಟೇ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದಿರಬಹುದು. ಕುಮಾಊಂನಲ್ಲೂ ಅದು ಬಂದಿದೆ. 2018ರಿಂದ ಅಲ್ಲಿಯ ಸರಕಾರ ದೀನದಯಾಳ್ ಉಪಾಧ್ಯಾಯರ ಹೆಸರಿನ ಯೋಜನೆಯಲ್ಲಿ ಇದಕ್ಕೆ ಸಾಲದ ಮೇಲೆ ಸಹಾಯಧನ ಕೊಡುತ್ತ ಬಂದಿದೆ. ಒಳ್ಳೆಯದೇ. ನಾವಿದ್ದ ಊರಿನ ಕೆಳಗಿನ ಊರಿನಲ್ಲಿ ಒಂದು ಕುಟುಂಬ ತಮ್ಮದೇ ಹಳೆಯ ಮನೆಯ ಎರಡು ಕೋಣೆಗಳನ್ನು ಹೀಗೆ ನಡೆಸುತ್ತಿದೆ. ಸೊಸೆ ಅಡಿಗೆ ಮಾಡುತ್ತಾಳೆ, ಮಗ ಮಾಡು ಹತ್ತುತ್ತಾನೆ, ಬಂದ ಹಣದಲ್ಲಿ ಪಟಾಲ್ ಕಲ್ಲನ್ನೇ ಮತ್ತೆ ಹೊದಿಸಿದ್ದಾರೆ. ಅದೇ ಊರಿನ ಇನ್ನೊಂದು ಕಲ್ಲಿನ ಮನೆಯನ್ನು ಯಾರೋ ಪಟ್ಟಣದವರು ಹತ್ತಾರು ವರ್ಷಕ್ಕೆ ಗುತ್ತಿಗೆ ಹಿಡಿದು, ಗೋಠನ್ನು ಸ್ನಾನದ ಮನೆ ಮಾಡಿ, ಗಾಜಿನ ಕಿಟಕಿ ಇಟ್ಟಿದ್ದಾರೆ. ಮನೆ ಲಕಲಕ ಎನ್ನುತ್ತದೆ, ನಿಜ. ಬಂದವರು ಊರಿನ ಯಾರೊಡನೆಯೂ ಮಾತಾಡುವುದಿಲ್ಲ, ರೊಟ್ಟಿಯ ಹಿಟ್ಟೂ ಪಟ್ಟಣದಿಂದ ಬರುತ್ತದೆ. ಮನೆ ಉಳಿಯಿತು, ಊರಿಗೆ ಏನು ಬಂತು? ನಮ್ಮ ಜಿಲ್ಲೆಗಳಲ್ಲಿ ಈ ಎರಡನೆಯ ಮಾದರಿಯೇ ಹೆಚ್ಚುತ್ತಿದೆ. ಮನೆಯೊಡೆಯರು ವಾಸವಿಲ್ಲದ್ದಕ್ಕೆ ಹೋಂಸ್ಟೇ ಎಂದು ಹೇಗೆ ಹೆಸರಿಡುವುದೋ ನನಗೆ ತಿಳಿಯದು. ಅದು ಬೋರ್ಡು ಬದಲಿಸಿದ ಲಾಡ್ಜು. ರಾತ್ರಿ ಹನ್ನೆರಡರವರೆಗೆ ಅಲ್ಲಿಂದ ಬರುವ ಹಾಡುಗಳನ್ನು ಕೇಳುವ ನೆರೆಯವರು, ಊರು ನಿಶ್ಶಬ್ದವಾಗಿದೆಯೆಂದು ದೂರುವ ನನ್ನನ್ನು ನೋಡಿ ನಗಬಹುದು.

ಹಾಗಾದರೆ ಸಂಘ ಏನು ಮಾಡಬೇಕು? ಸಂಘ ಇರುವುದು ಗೊಬ್ಬರ ಮಾರಿ ಅಡಿಕೆ ಕಾಫಿ ವಿಲೇವಾರಿ ಮಾಡಲು, ಮನೆಯ ಮಾಡು ಹತ್ತಲು ಅಲ್ಲ ಎಂದು ಆಡಳಿತ ಮಂಡಳಿಯ ಹಿರಿಯ ನಿರ್ದೇಶಕರೊಬ್ಬರು ಈಗಾಗಲೇ ಹೇಳಿಯಾಗಿದೆ. ಅವರ ಮೇಲೆ ನನಗೆ ಬಹಳ ಗೌರವವಿದೆ. ಆದರೆ ತೋಟಕ್ಕೆ ಬೀಗ ಬಿದ್ದ ಸದಸ್ಯ ಗೊಬ್ಬರವನ್ನೂ ಕೊಳ್ಳುವುದಿಲ್ಲ, ಮಾಲನ್ನೂ ತರುವುದಿಲ್ಲ. ಅವನ ನೆರೆಯ ಸದಸ್ಯ ತರುವ ಮಾಲೂ ಕಡಿಮೆಯಾಗುತ್ತದೆ. ಇದು ದಾನಧರ್ಮದ ಪ್ರಶ್ನೆಯಲ್ಲ, ವ್ಯಾಪಾರದ ಪ್ರಶ್ನೆ.

ನನ್ನ ಸೂಚನೆ ಇಷ್ಟು. ಸಂಘವೇ ಎಂಟು ಹತ್ತು ಜನರ ಒಂದು ಕೆಲಸಗಾರರ ತಂಡವನ್ನು ವರ್ಷಪೂರ್ತಿ ಸಂಬಳದ ಮೇಲೆ ಇಟ್ಟುಕೊಳ್ಳಲಿ. ಮದ್ದು ಹೊಡೆಯುವುದು, ಕೊನೆ ಇಳಿಸುವುದು, ಉದುರುಕಾಯಿ ಹೆಕ್ಕುವುದು, ಮರಗಸಿ, ಇವುಗಳ ಜೊತೆಗೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ ಕೊಡುವುದನ್ನೂ ಆ ತಂಡದ ಕೆಲಸದಲ್ಲಿ ಸೇರಿಸಲಿ. ಕೂಲಿಯನ್ನು ಸದಸ್ಯರು ಹಾಕುವ ಮಾಲಿನ ಬಾಬ್ತಿನಿಂದ ಮುರಿದುಕೊಳ್ಳೋಣ. ವಯಸ್ಸಾದವರಿಬ್ಬರೇ ಇರುವ ಮನೆಗಳಿಗೆ ಮೊದಲ ಸರದಿ. ಊರಲ್ಲಿ ಇಲ್ಲದವರಿಗೂ ಇದು ಅನ್ವಯಿಸಲಿ, ಆದರೆ ಅವರು ಮುಂಗಡ ಕಟ್ಟಬೇಕು. ಮುಂದಿನ ವರ್ಷ ಖಂಡಿತ ಎಂಬ ಮಾತು ನಡೆಯುವುದಿಲ್ಲ. ದೋಟಿ ಹಿಡಿಯಲು, ಮರ ಹತ್ತಲು ಬಲ್ಲವರು ಈಗ ಎಲ್ಲಿ ಸಿಗುತ್ತಾರೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಹತ್ತು ಮನೆಯವರು ತಲಾ ನಾಲ್ಕು ದಿನದ ಕೆಲಸಕ್ಕೆ ಅವರನ್ನು ಬೇಡಿಕೊಳ್ಳುವುದರಿಂದಲೇ ಸಿಗುತ್ತಿಲ್ಲ. ಮುನ್ನೂರು ದಿನದ ಕೆಲಸ, ಭವಿಷ್ಯನಿಧಿ, ಮರ ಹತ್ತುವವರಿಗೆ ವಿಮೆ ಎಂದರೆ ಬರುವವರಿದ್ದಾರೆ. ನಮ್ಮ ಊರಿನ ಹುಡುಗರೇ ಇಬ್ಬರು ನನ್ನನ್ನು ಬಂದು ಕೇಳಿದ್ದಾರೆ. ಅವರಿಗೆ ಇಲ್ಲಿ ದುಡಿಮೆ ಸಿಕ್ಕಿದರೆ ಅವರ ಮನೆಗಳಿಗೂ ಬೀಗ ಬೀಳುವುದು ತಪ್ಪಿತು.

ಪ್ರವಾಸ ಹೋಗುವವರಿಗೂ ಒಂದು ಮಾತು. ಖಂಡಿತ ಹೋಗಿ. ಅಂಥ ಊರಿನಲ್ಲಿ ಮನೆಯವರೇ ನಡೆಸುವ ಮನೆಯಲ್ಲಿ ಇಳಿಯಿರಿ, ಅವರು ಉಣ್ಣುವುದನ್ನೇ ಉಣ್ಣಿ, ಚೌಕಾಸಿ ಮಾಡದೆ ಹಣ ಕೊಡಿ. ಮಳೆಗಾಲದಲ್ಲಿ ಆ ಬೆಟ್ಟಗಳ ರಸ್ತೆ ಕುಸಿಯುವುದುಂಟು, ಮೇ ಜೂನಿನಲ್ಲಿ ಚೀಡ್ ಕಾಡಿಗೆ ಬೆಂಕಿ ಬೀಳುವುದುಂಟು. ಅಕ್ಟೋಬರ್ ನವೆಂಬರ್ ಉತ್ತಮ, ಆದರೆ ಆಗ ನಮಗೆ ಕೊಯ್ಲು. ಕಾಫಿಪುಡಿ ಮಾತ್ರ ಮರೆಯದೆ ಒಯ್ಯಿರಿ. ಆಮಾ ಅವರಿಗೆ ನಾವು ಕಳುಹಿಸಿದ ಅರ್ಧ ಕಿಲೋ ಮುಗಿದಿದೆಯೆಂದು ಸೋದರಳಿಯ ಫೋನು ಮಾಡಿ ತಿಳಿಸಿದ್ದಾನೆ.

ಕೆಲಸಗಾರರ ತಂಡದ ವಿಷಯವನ್ನು ಬರುವ ವಾರ್ಷಿಕ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಏಳನೆಯದಾಗಿ ಸೇರಿಸಿದೆ. ಊಟಕ್ಕೆ ಏಳುವ ಮೊದಲೇ ಅದು ಚರ್ಚೆಗೆ ಬರುವಂತೆ ನೋಡಿಕೊಳ್ಳುತ್ತೇನೆ. ವಿರೋಧವಿರುವವರು, ತಿದ್ದುಪಡಿ ಸೂಚಿಸುವವರು ಸಭೆಗೆ ಒಂದು ವಾರ ಮುಂಚಿತವಾಗಿ ಬರಹದಲ್ಲಿ ಕಛೇರಿಗೆ ತಲುಪಿಸಬೇಕಾಗಿ ಕೋರಿಕೆ.